ನ್ಯಾನೊ ಕಣ, ಮೀನಿನ ಕಿವಿರು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೀನು ಮತ್ತು ನ್ಯಾನೊ ಕಣಗಳ ಕುರಿತಾಗಿವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದವು ನ್ಯಾನೊ ಕಣಗಳು.

ಪ್ರಶ್ನೆ: ನಮ್ಮ ಹೊಲದಾಗ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಐತಿ. ಪ್ಲಾಸ್ಟಿಕ್ ಹಾಸೇವಿ. 600 ಕಟ್ಲಾ, ರೋಹು ಬಿಟ್ಟೀವಿ, ಈಗ ಒಂದೊಂದು ಕಾಲು ಕಿಲೋ ಆಗ್ಯಾವು. ದಿನಾ 4 ಕಿಲೋ ಮೇವು ಹಾಕತೀವಿ. ಬಾಜೂ ಹೊಲದವರು ಗೊಂಜಾಳಕ್ಕ ನ್ಯಾನೊ ಯೂರಿಯಾ ಹೊಡೆದ ಮೂರನೇ ದಿನ ಮುಂಜಾನೆ ದೊಡ್ಡ ಮೀನಾ ಸತ್ತು ತೇಲಿದವು, ಸಣ್ಣವು ಉಳದಾವು. ಎರಡು ದಿನ ಮೋಡ ಇತ್ತು. ನ್ಯಾನೊ ಕಣ ಕಿವಿರಿನಾಗ ಹೊಕ್ಕು ಸತ್ತಾವು ಅಂತಾರ. ಖರೇ ಏನ್ರಿ?
— ರೈತ, ಬಸವನ ಬಾಗೇವಾಡಿ ತಾಲ್ಲೂಕು

ಉತ್ತರ: ನೀವು ಬರೆದ ಲಕ್ಷಣಗಳೆಲ್ಲ ಆಮ್ಲಜನಕದ ಕೊರತೆಯತ್ತ ಬೆರಳು ತೋರಿಸುತ್ತವೆ. ಬಾಜೂ ಹೊಲದವರ ಜೊತೆ ಜಗಳಕ್ಕೆ ಇಳಿಯುವ ಮೊದಲು ಲೆಕ್ಕ ಹಾಕಿ ನೋಡೋಣ.

2021ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೊ ಯೂರಿಯಾದಲ್ಲಿ ಸಾರಜನಕ ಶೇ 4 ಇತ್ತು. ಅರ್ಧ ಲೀಟರ್ ಬಾಟಲಿಯಲ್ಲಿ ಅದು 20 ಗ್ರಾಂ. ನಿಮ್ಮ ಹೊಂಡದ ದಂಡೆಯ ಇಳಿಜಾರು ಒಂದಕ್ಕೊಂದು ಎಂದುಕೊಂಡರೆ ತುಂಬಿದಾಗ ಹಿಡಿಯುವ ನೀರು ಸುಮಾರು 250 ಘನ ಮೀಟರ್, ಅಂದರೆ ಎರಡೂವರೆ ಲಕ್ಷ ಲೀಟರ್. ಇಡೀ ಬಾಟಲಿಯನ್ನೇ ಹೊಂಡಕ್ಕೆ ಸುರಿದರೂ ಲೀಟರಿಗೆ 0.08 ಮಿಲಿಗ್ರಾಂ ಸಾರಜನಕ ಸೇರುತ್ತದೆ. ನೀವು ಹಾಕುವ ಮೇವಿನಲ್ಲಿ ಶೇ 28 ಪ್ರೋಟೀನ್ ಇದ್ದರೆ 4 ಕಿಲೋದಲ್ಲಿ ಸಾರಜನಕ ಸುಮಾರು 180 ಗ್ರಾಂ. ಅದರಲ್ಲಿ ಮೀನಿನ ಮೈಗೆ ಹತ್ತುವುದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಮಿಕ್ಕಿದ್ದು ದಿನಾ ನೀರಿಗೆ. ಈಗ ಬರುತ್ತಿರುವ ಬಾಟಲಿಗಳಲ್ಲಿ ಸಾರಜನಕದ ಪ್ರಮಾಣ ಬೇರೆ ಇರಬಹುದು, ಲೇಬಲ್ ನೋಡಿ ಇದೇ ಲೆಕ್ಕ ಹಾಕಿ. ಗಾಳಿಗೆ ತೂರಿ ಬಂದ ಹನಿಗಳು ನಿಮ್ಮ ಮೇವಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ನಿಜವಾದ ತೊಂದರೆ ಸಂಖ್ಯೆಯದು. 600 ಮೀನು, ಕಾಲು ಕಿಲೋದಂತೆ 150 ಕಿಲೋ. ಮೇಲ್ಮೈ 144 ಚದರ ಮೀಟರ್. ಹೆಕ್ಟೇರಿಗೆ ಇದು 10 ಟನ್ ದಾಟುತ್ತದೆ. ನೀರಿಗೆ ಗಾಳಿ ಬೆರೆಸುವ ಯಂತ್ರ (ಏರಿಯೇಟರ್) ಇಲ್ಲದ ಹೊಂಡ ಹೆಕ್ಟೇರಿಗೆ 3 ಟನ್ ತಾಳಿಕೊಂಡರೆ ದೊಡ್ಡದು. ನಿಮ್ಮ ಹೊಂಡಕ್ಕೆ ಅದು 43 ಕಿಲೋ. ಮೋಡದ ದಿನ ಪಾಚಿ ಆಮ್ಲಜನಕ ಕೊಡುವುದು ಕಡಿಮೆ, ರಾತ್ರಿ ಅದೇ ಪಾಚಿ ಉಸಿರಾಡಿ ಇರುವುದನ್ನೂ ತೀರಿಸುತ್ತದೆ. ಬೆಳಗಿನ ಜಾವ 5–6 ಗಂಟೆಗೆ ಕೊರತೆ ಅತಿ ಹೆಚ್ಚು. ದೊಡ್ಡ ಮೀನು ಮೊದಲು ಸಾಯುವುದು, ಬಾಯಿ ತೆರೆದು ಕಿವಿರ ಮುಚ್ಚಳ ಅಗಲಿಸಿ ಸತ್ತಿರುವುದು ಉಸಿರುಗಟ್ಟಿದ ಗುರುತು. ವಿಷವಾಗಿದ್ದರೆ ಸಾಮಾನ್ಯವಾಗಿ ಮರಿಗಳು ಮೊದಲು ಹೋಗುತ್ತವೆ, ಬಸವನಹುಳು, ನೀರು ಚಿಗಟಗಳೂ ಕಾಣೆಯಾಗುತ್ತವೆ.

ಬೆಳಗಿನ ಜಾವ ಒಂದು ಮೀಟರ್ ಆಳದ ನೀರು ತೆಗೆದು ಕಿಟ್‌ನಿಂದ ಆಮ್ಲಜನಕ ಅಳೆಯಿರಿ. ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಆ ದಿನ ಮೇವು ನಿಲ್ಲಿಸಿ. ಪಂಪ್ ಹಚ್ಚಿ ಹೊಂಡದ ನೀರನ್ನೇ ಮೇಲಿಂದ ಚಿಮ್ಮಿಸಿ. ನಂತರ ಮೇವು, ಮಲದ ಸಾರಜನಕದಿಂದ ನೀರಿನಲ್ಲಿ ಹುಟ್ಟುವ ನೈಟ್ರೈಟ್ ನೋಡಿ. ಸತ್ತ ಮೀನಿನ ಕಿವಿರು ಚಾಕಲೇಟ್ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಕಾರಣವಿರಬಹುದು. ಅದಕ್ಕೆ ಉಪ್ಪು ಹಾಕಬೇಕು: ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಬೇಕೆಂದು ಹಿಡಿದರೆ, ಲೀಟರಿಗೆ 1 ಮಿಲಿಗ್ರಾಂ ನೈಟ್ರೈಟ್ ಇರುವ ನಿಮ್ಮ ಹೊಂಡಕ್ಕೆ ಸುಮಾರು 4 ಕಿಲೋ ಉಪ್ಪು ಸಾಕು. ಮೀನಿನ ಸಂಖ್ಯೆ ಇಳಿಸದೆ ಉಳಿದ ಉಪಾಯ ಯಾವುದೂ ಹೆಚ್ಚು ದಿನ ನಡೆಯದು.

ಪ್ರಶ್ನೆ: ದ್ರಾಕ್ಷಿ ತೋಟದ ನಡುವೆ ಮಳೆನೀರಿನ ಹೊಂಡವಿದೆ, ಅದರಲ್ಲಿ ಗೆಂಡೆ ಮರಿ ಬಿಟ್ಟಿದ್ದೇವೆ. ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಈಗ ನ್ಯಾನೊ ತಾಮ್ರದ ಔಷಧಿಗಳೂ ಬಂದಿವೆ. ಮೀನಿಗೆ ಯಾವುದು ಹೆಚ್ಚು ಅಪಾಯ?
— ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಮೀನಿನ ಮಟ್ಟಿಗೆ ಹೇಳುವುದಾದರೆ, ನೀರಿನಲ್ಲಿ ಕರಗಿದ ತಾಮ್ರ ಎಷ್ಟು ಮತ್ತು ನೀರು ಎಂಥದ್ದು ಎಂಬುದೇ ಮುಖ್ಯ. ಚೀಟಿಯ ಮೇಲೆ ನ್ಯಾನೊ ಎಂದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಸಿಹಿನೀರಿನ ಮೀನಿನ ರಕ್ತದಲ್ಲಿ ಉಪ್ಪು ಹೆಚ್ಚು, ಹೊರಗಿನ ನೀರಿನಲ್ಲಿ ಕಡಿಮೆ. ಹಾಗಾಗಿ ಮೈಯ ಸೋಡಿಯಂ ಸದಾ ಹೊರಕ್ಕೆ ಸೋರುತ್ತಿರುತ್ತದೆ. ಕಿವಿರಿನ ಜೀವಕೋಶಗಳು ಅದನ್ನು ನೀರಿನಿಂದ ಮತ್ತೆ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ತಾಮ್ರ ಮತ್ತು ಬೆಳ್ಳಿಯ ಅಯಾನುಗಳು ಸೋಡಿಯಂ ಒಳಬರುವ ದಾರಿಯಲ್ಲೇ ನುಗ್ಗಿ, ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಕಿಣ್ವವನ್ನು ಕೆಡಿಸುತ್ತವೆ. ಸೋರಿಕೆ ನಡೆದೇ ಇರುತ್ತದೆ, ಭರ್ತಿ ನಿಲ್ಲುತ್ತದೆ. ರಕ್ತ ದಪ್ಪಗಾಗಿ ಹೃದಯ ಸೋತು ಮೀನು ಸಾಯುತ್ತದೆ. ಸತು ಹೀಗೆಯೇ ಕ್ಯಾಲ್ಸಿಯಂ ದಾರಿಯನ್ನು ಕಟ್ಟುತ್ತದೆ.

ಕರಗದ ಕಣಗಳ ಕೆಲಸ ಬೇರೆ ಬಗೆಯದು. ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತ ಕಿವಿರಿನ ತೆಳು ಪದರಗಳು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ನಿಂತಿರುತ್ತವೆ. ರಕ್ತಕ್ಕೂ ನೀರಿಗೂ ನಡುವಿನ ಗೋಡೆ ಕೆಲವೇ ಮೈಕ್ರೊಮೀಟರ್. ಕಣಗಳು ತಾಗಿದರೆ ಮೊದಲು ಲೋಳೆ ಸುರಿಯುತ್ತದೆ, ಅದು ರಕ್ಷಣೆ. ಕಿರಿಕಿರಿ ಮುಂದುವರಿದರೆ ಜೀವಕೋಶಗಳು ಹೆಚ್ಚಿ ಗೋಡೆ ದಪ್ಪವಾಗುತ್ತದೆ, ಪದರದ ಹೊದಿಕೆ ಉಬ್ಬಿ ಎದ್ದು ಬರುತ್ತದೆ, ಕೊನೆಗೆ ಪಕ್ಕಪಕ್ಕದ ಪದರಗಳು ಕೂಡಿಕೊಳ್ಳುತ್ತವೆ. ಆಗ ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಸಿಗದು. ಈ ಕಾರಣಕ್ಕೇ ಕಣದಿಂದ ಕಿವಿರು ಕೆಟ್ಟ ಮೀನು ಸಾಧಾರಣ ಮೋಡದ ರಾತ್ರಿಯನ್ನೂ ದಾಟಲಾರದು.

ಈಗ ನಿಮ್ಮ ಲೆಕ್ಕ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಉಳಿದ 10 ಲೀಟರ್ ದ್ರಾವಣ ಟ್ಯಾಂಕ್ ತೊಳೆದ ನೀರಿನ ಜೊತೆ ಹೊಂಡಕ್ಕೆ ಹರಿದರೆ 25 ಗ್ರಾಂ ತಾಮ್ರ ಹೋದಂತೆ. ನಿಮ್ಮ ಹೊಂಡವೂ ಮೊದಲ ಪ್ರಶ್ನೆಯ ಹೊಂಡದಷ್ಟೇ ಎಂದು ಹಿಡಿದರೆ, 250 ಘನ ಮೀಟರ್ ನೀರಿನಲ್ಲಿ ಲೀಟರಿಗೆ 100 ಮೈಕ್ರೊಗ್ರಾಂ. ಸುಣ್ಣದ ಜೊತೆ ಇರುವುದರಿಂದ ಎಲ್ಲವೂ ಒಮ್ಮೆಗೇ ಕರಗುವುದಿಲ್ಲ, ನಿಜ. ಆದರೆ ಮೆದು ನೀರಿನಲ್ಲಿ ಇಷ್ಟು ತಾಮ್ರ ಕರಗಿ ನಿಂತರೆ ಮರಿಗಳಿಗೆ ಸಾವಿನ ಮಟ್ಟ. ನ್ಯಾನೊ ತಾಮ್ರದ ಬಾಟಲಿಗೂ ಇದೇ ಲೆಕ್ಕ ಹಾಕಿ: ಲೇಬಲಿನ ಮೇಲಿನ ಶೇಕಡಾವಾರು ತಾಮ್ರ, ಹೊಂಡದ ನೀರು. ಒಂದು ವ್ಯತ್ಯಾಸವಿದೆ. ಸಣ್ಣ ಕಣಕ್ಕೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಅದು ಬೇಗ ಕರಗುತ್ತದೆ.

ನಿಮ್ಮ ಭಾಗದ ಬೋರ್‌ವೆಲ್ ನೀರು ಹೆಚ್ಚಾಗಿ ಗಡಸು. ಅದರ ಕ್ಯಾಲ್ಸಿಯಂ ಕಿವಿರಿನ ಮೇಲೆ ತಾಮ್ರ ಕೂಡುವ ಜಾಗವನ್ನು ತಾನು ಹಿಡಿಯುತ್ತದೆ, ನ್ಯಾನೊ ಕಣಗಳನ್ನು ಗಂಟು ಕಟ್ಟಿಸಿ ತಳಕ್ಕೆ ಇಳಿಸುತ್ತದೆ. ಎರಿ ಮಣ್ಣಿನ ಕೆಸರು ಕೂಡ ಕಣಗಳನ್ನು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಸಿದ ಮಳೆನೀರಿನ ಹೊಂಡಕ್ಕೆ ಈ ಎರಡೂ ರಕ್ಷಣೆ ಇಲ್ಲ. ಕಿಟ್‌ನಲ್ಲಿ ಗಡಸುತನ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಬೋರ್ ನೀರು ಸ್ವಲ್ಪ ಬೆರೆಸುವುದು ಸುಲಭ. ಅದಿಲ್ಲದಿದ್ದರೆ ಜಿಪ್ಸಮ್: 250 ಘನ ಮೀಟರಿನಲ್ಲಿ ಗಡಸುತನವನ್ನು 50 ಮಿಲಿಗ್ರಾಂ ಏರಿಸಲು ಶುದ್ಧ ಜಿಪ್ಸಮ್ 21–22 ಕಿಲೋ, ಅಂಗಡಿಯ ಮಾಲಾದರೆ ಶೇ 75 ಶುದ್ಧವೆಂದು ಹಿಡಿದು 28–29 ಕಿಲೋ. ಬಕೆಟ್‌ನಲ್ಲಿ ಕದಡಿ, ಎರಡು ಮೂರು ದಿನಕ್ಕೆ ಹಂಚಿ ಹಾಕಿ. ಟ್ಯಾಂಕ್ ತೊಳೆಯುವ ಜಾಗ ಹೊಂಡಕ್ಕಿಂತ ಇಳಿಜಾರಿನ ಕೆಳಗಿರಲಿ.

ಪ್ರಶ್ನೆ: ನಮ್ಮದು 4 ಮೀಟರ್ ವ್ಯಾಸದ ಬಯೋಫ್ಲಾಕ್ ಟ್ಯಾಂಕ್, ನೀರು ಒಂದು ಮೀಟರ್. ಜಿಲೇಬಿ ಮೀನು ಸಾಕಿದ್ದೇವೆ. ರೋಗ ಬರದಿರಲಿ ಎಂದು ನ್ಯಾನೊ ಬೆಳ್ಳಿಯ ಸ್ಯಾನಿಟೈಸರ್ ಒಂದು ಲೀಟರ್ ಹಾಕಿದೆವು. ಮೀನು ಸಾಯಲಿಲ್ಲ, ಆದರೆ ಐದನೇ ದಿನ ಅಮೋನಿಯಾ ಏರಿತು. ಸಂಬಂಧ ಇದೆಯೇ?
— ಮೀನು ಸಾಕಣೆದಾರ, ಹುಕ್ಕೇರಿ

ಉತ್ತರ: ಇದೆ. ಬೆಳ್ಳಿ ರೋಗಾಣುವಿಗೂ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೂ ಭೇದ ಮಾಡುವುದಿಲ್ಲ. ಅಮೋನಿಯಾ ತಿನ್ನುವ ಈ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾಗಳು ಬೆಳ್ಳಿಗೆ ಬೇಗ ಸೋಲುತ್ತವೆ. ನಿಮ್ಮ ಟ್ಯಾಂಕಿನಲ್ಲಿ ಸುಮಾರು 12,500 ಲೀಟರ್ ನೀರಿದೆ. ಬಾಟಲಿಯಲ್ಲಿ ಬೆಳ್ಳಿ 500 ಪಿಪಿಎಂ ಎಂದಿದ್ದರೆ ಒಂದು ಲೀಟರಿನಲ್ಲಿ ಅರ್ಧ ಗ್ರಾಂ, ನಿಮ್ಮ ನೀರಿನಲ್ಲಿ ಲೀಟರಿಗೆ 40 ಮೈಕ್ರೊಗ್ರಾಂ. ಅದೇ ಬಾಟಲಿಯನ್ನು ಮೇಲೆ ಹೇಳಿದ ಕೃಷಿ ಹೊಂಡಕ್ಕೆ ಹಾಕಿದ್ದರೆ 2 ಮೈಕ್ರೊಗ್ರಾಂ. ಎಕರೆ ಲೆಕ್ಕದ ಪ್ರಮಾಣವನ್ನು ಟ್ಯಾಂಕಿಗೆ ತರುವುದರಿಂದ ಆಗುವ ಎಡವಟ್ಟು ಇದು. ಪೂರ್ತಿ ಕರಗಿ ಅಯಾನಾಗಿದ್ದರೆ 40 ಮೈಕ್ರೊಗ್ರಾಂ ಮೀನನ್ನೂ ಕೊಲ್ಲಬಲ್ಲದು. ಫ್ಲಾಕ್‌ನ (ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ, ಪಾಚಿಗಳ ಗುಂಪು) ಜೈವಿಕ ಪದಾರ್ಥ ಮತ್ತು ನೀವು ಹಾಕುವ ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಕಟ್ಟಿಹಾಕಿದ್ದರಿಂದ ಮೀನು ಉಳಿದಿರಬೇಕು.

ಈಗ ಮೇವು ಅರ್ಧಕ್ಕೆ ಇಳಿಸಿ, ದಿನಕ್ಕೆ ಶೇ 20–25 ನೀರು ಬದಲಿಸಿ, ತಳದ ಹೂಳನ್ನು ತೆಗೆಯಿರಿ. ಬೆಳ್ಳಿ ಹೆಚ್ಚಾಗಿ ಅದರಲ್ಲೇ ಕೂತಿರುತ್ತದೆ. ಪಿಎಚ್ 8 ದಾಟಿದ್ದರೆ ಅಮೋನಿಯಾದ ವಿಷಕಾರಿ ರೂಪ ಹೆಚ್ಚುತ್ತದೆ, ಹಾಗಾಗಿ ಪಿಎಚ್ ಏರಿಸುವ ಸುಣ್ಣ ಈ ವಾರ ಬೇಡ. ಬ್ಯಾಕ್ಟೀರಿಯಾ ಬೆಳೆಸಲು ಬೆಲ್ಲ ಹಾಕುವುದಾದರೆ ಏರಿಯೇಟರ್ ಜೋರಾಗಿರಲಿ. ರೋಗವಿಲ್ಲದ ಟ್ಯಾಂಕಿಗೆ ಮುನ್ನೆಚ್ಚರಿಕೆಯೆಂದು ಬೆಳ್ಳಿ ಸುರಿಯುವುದು ನಮ್ಮ ದೃಷ್ಟಿಯಲ್ಲಿ ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ.

ಪ್ರಶ್ನೆ: ಕಾಲು ವಾಸನೆ ಬರದಿರಲೆಂದು ಬೆಳ್ಳಿ ಲೇಪಿಸಿದ ಕಾಲುಚೀಲ ಬರುತ್ತವಲ್ಲ, ತೊಳೆದಾಗ ಬೆಳ್ಳಿ ಹೋಗುವುದು ನಿಜವೇ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ನಿಜ. ಅಮೆರಿಕದ ಅರಿಜೋನಾದಲ್ಲಿ 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಲವು ಕಾಲುಚೀಲಗಳು ಅರ್ಧ ಲೀಟರ್ ನೀರಿಗೆ 650 ಮೈಕ್ರೊಗ್ರಾಂವರೆಗೆ ಬೆಳ್ಳಿ ಬಿಟ್ಟವು. ಚರಂಡಿಯ ಗಂಧಕದ ಜೊತೆ ಸೇರಿದ ಬೆಳ್ಳಿ ಸಲ್ಫೈಡ್ ಆಗಿ ವಿಷ ಬಹಳಷ್ಟು ಇಳಿಯುತ್ತದೆ. ಚರಂಡಿಗೆ ಹೋಗದೆ ನೇರ ಕೆರೆದಂಡೆಯಲ್ಲಿ ತೊಳೆದರೆ ಆ ಅನುಕೂಲವಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಜೆಕ್ಟ್‌ಗೆ ರೋಹು ಮರಿಗಳ ಮೇಲೆ ಸತುವಿನ ಆಕ್ಸೈಡ್ ನ್ಯಾನೊ ಕಣಗಳ ಪರಿಣಾಮ ನೋಡಬೇಕೆಂದಿದ್ದೇನೆ. ಲೀಟರಿಗೆ 100 ಮಿಲಿಗ್ರಾಂ ಕೊಟ್ಟರೂ ಮೊದಲ ಪ್ರಯತ್ನದಲ್ಲಿ ಏನೂ ಆಗಲಿಲ್ಲ, ಪುಡಿ ತಳಕ್ಕೆ ಕೂತಿತು. ಎಲ್ಲಿ ತಪ್ಪಿದೆ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಪುಡಿಯನ್ನು ನೇರ ನಲ್ಲಿ ಅಥವಾ ಬೋರ್ ನೀರಿಗೆ ಹಾಕಿದ್ದೀರಿ ಅನಿಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕಣಗಳ ಮೇಲಿನ ವಿದ್ಯುದಂಶವನ್ನು ತಣಿಸುತ್ತದೆ, ಅವು ಅಂಟಿಕೊಂಡು ಮೈಕ್ರೊಮೀಟರ್ ಗಾತ್ರದ ಗಂಟಾಗಿ ಇಳಿಯುತ್ತವೆ. ಪಿಎಚ್ 8ರ ಆಸುಪಾಸಿನಲ್ಲಿ ಸತುವಿನ ಆಕ್ಸೈಡ್ ಕರಗುವುದೂ ಕಡಿಮೆ. ಮೀನು ಕಂಡಿದ್ದು ನಿಮ್ಮ 100 ಮಿಲಿಗ್ರಾಂ ಅಲ್ಲ.

ಮೊದಲು ಅತಿಶುದ್ಧ ನೀರಿನಲ್ಲಿ ಸ್ಟಾಕ್ (ಮೂಲ ದ್ರಾವಣ) ಮಾಡಿ. ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು ಶಬ್ದಾತೀತ ತರಂಗದಿಂದ ಕದಡುವ ಪ್ರೋಬ್ ಸೋನಿಕೇಟರ್‌ನಿಂದ 20–30 ನಿಮಿಷ ಕದಡಿ. ಮಂಜಿಲ್ಲದಿದ್ದರೆ ಬಿಸಿಯಾಗಿ ಕಣಗಳು ಮತ್ತೆ ಕೂಡುತ್ತವೆ. ಅದೇ ದಿನ ಬಳಸಿ. ಕಣದ ಗಾತ್ರವನ್ನು ಡಿಎಲ್‌ಎಸ್ ಯಂತ್ರದಲ್ಲಿ ಸ್ಟಾಕ್‌ನಲ್ಲಷ್ಟೇ ನೋಡಿ ಬಿಡಬೇಡಿ, ಮೀನಿನ ತೊಟ್ಟಿಯ ನೀರಿನಲ್ಲೂ 0 ಮತ್ತು 24 ಗಂಟೆಗೆ ನೋಡಿ. ಪ್ರತಿದಿನ ನೀರು ಬದಲಿಸಿ. ಮೇವನ್ನು ಬದಲಿಸುವ ಒಂದು ಗಂಟೆ ಮೊದಲು ಕೊಡಿ, ಇಲ್ಲದಿದ್ದರೆ ಮೇವು ಮತ್ತು ಮಲ ಕಣಗಳನ್ನು ಹೀರಿಕೊಳ್ಳುತ್ತವೆ.

ಹೆಚ್ಚಿನ ಪ್ರಾಜೆಕ್ಟುಗಳು ಬೀಳುವುದು ಕಂಟ್ರೋಲ್‌ನಲ್ಲಿ, ಅಂದರೆ ಹೋಲಿಕೆಗೆಂದು ಇಡುವ ತೊಟ್ಟಿಯಲ್ಲಿ. ಕಣವಿಲ್ಲದ ತೊಟ್ಟಿ ಒಂದು ಇದ್ದರೆ ಸಾಲದು. ಕಣದಿಂದ ಕರಗಿದಷ್ಟೇ ಸತುವನ್ನು ಜಿಂಕ್ ಸಲ್ಫೇಟ್ ರೂಪದಲ್ಲಿ ಕೊಟ್ಟ ತೊಟ್ಟಿಯೊಂದು ಬೇಕು. ಕಣಗಳನ್ನು ನೀರಿನಲ್ಲಿ ಚದುರಿಸಲು ಏನಾದರೂ ರಾಸಾಯನಿಕ ಬಳಸಿದ್ದರೆ ಅದರದ್ದೊಂದು ಬೇಕು. ಕರಗಿದ್ದೆಷ್ಟು ಎಂದು ತಿಳಿಯಲು ನ್ಯಾನೊ ಕಣವನ್ನು ತಡೆಯುವಷ್ಟು ಸಣ್ಣ ರಂಧ್ರದ 3 ಕಿಲೋಡಾಲ್ಟನ್ ಅಲ್ಟ್ರಾಫಿಲ್ಟರ್‌ನಲ್ಲಿ ಶೋಧಿಸಿ ಸತು ಅಳೆಯಿರಿ, 0.45 ಮೈಕ್ರೊಮೀಟರ್ ಫಿಲ್ಟರಿನಲ್ಲಿ ನ್ಯಾನೊ ಕಣ ಸಲೀಸಾಗಿ ತೂರಿಹೋಗುತ್ತದೆ, ಅದನ್ನು ಕರಗಿದ ಸತು ಎಂದು ಬರೆದರೆ ಲೆಕ್ಕವೇ ತಪ್ಪು. ಕ್ಲೋರಿನ್ ತೆಗೆಯಲು ಗಾಳಿ ಹಾಯಿಸಿ ಒಂದೆರಡು ದಿನ ಬಿಡಿ. ಮುಂದೆ ಬೆಳ್ಳಿಯ ಮೇಲೆ ಕೆಲಸ ಮಾಡಿದರೆ ಸೋಡಿಯಂ ಥಯೋಸಲ್ಫೇಟ್ ಮುಟ್ಟಲೇಬೇಡಿ, ಅದು ಬೆಳ್ಳಿಯನ್ನು ಹಿಡಿದು ವಿಷವನ್ನೇ ಅಡಗಿಸುತ್ತದೆ. ಟೈಟಾನಿಯಂ ಡೈಆಕ್ಸೈಡ್ ಆದರೆ ಬೆಳಕನ್ನು ದಾಖಲಿಸಿ: ನೇರಳಾತೀತ ಕಿರಣ ಬಿದ್ದಾಗ, ಅದರಲ್ಲೂ ಅದರ ಅನಟೇಸ್ ಎಂಬ ಹರಳು ರೂಪ, ಚುರುಕು ಆಮ್ಲಜನಕದ ಅಣುಗಳನ್ನು ಹುಟ್ಟಿಸುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ನಿರಪಾಯವಾಗಿ ಕಂಡದ್ದು ಬಿಸಿಲಿನಲ್ಲಿ ಹಾಗಿರಬೇಕಿಲ್ಲ.

96 ಗಂಟೆಯ ತೀವ್ರ ಪರೀಕ್ಷೆಗೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) 203ನೇ ಮಾರ್ಗಸೂಚಿ ಹಿಡಿಯಿರಿ: ಕನಿಷ್ಠ 5 ಪ್ರಮಾಣಗಳು, ಒಂದಕ್ಕಿಂತ ಒಂದು 2.2 ಪಟ್ಟು ಮೀರದಂತೆ. ತೊಟ್ಟಿಗೆ ಕನಿಷ್ಠ 7 ಮೀನು. ಆಮ್ಲಜನಕ ಶೇ 60ಕ್ಕಿಂತ ಮೇಲೆ. ಕಂಟ್ರೋಲ್‌ನಲ್ಲಿ ಸಾವು ಶೇ 10 ದಾಟಿದರೆ ಪರೀಕ್ಷೆ ರದ್ದು. ಆದರೆ ನಮ್ಮ ಸಲಹೆ, ಸಾವಿನ ಲೆಕ್ಕ ಬಿಟ್ಟು ಕಡಿಮೆ ಪ್ರಮಾಣದಲ್ಲಿ 14–21 ದಿನದ ಪರೀಕ್ಷೆ ಮಾಡಿ. ನದಿ ನೀರಿನಲ್ಲಿ ಸತುವಿನ ನ್ಯಾನೊ ಕಣ ಲೀಟರಿಗೆ 100 ಮಿಲಿಗ್ರಾಂ ಎಂದೂ ಇರುವುದಿಲ್ಲ. ಮೈಕ್ರೊಗ್ರಾಂ ಮಟ್ಟದಲ್ಲಿ ಕಿವಿರು, ಯಕೃತ್ತು, ರಕ್ತದಲ್ಲಿ ಏನಾಗುತ್ತದೆ ಎಂಬುದು ಉಪಯೋಗದ ಪ್ರಶ್ನೆ.

ಅಂಗಾಂಶಗಳಲ್ಲಿ ಜೀವಕೋಶವನ್ನು ಕಾಯುವ ಎಸ್‌ಒಡಿ, ಕ್ಯಾಟಲೇಸ್ ಕಿಣ್ವಗಳು, ಗ್ಲುಟಾಥಯೋನ್, ಜೊತೆಗೆ ಕೊಬ್ಬಿನ ಉತ್ಕರ್ಷಣೆ ಅಳೆಯುವಿರಿ. ಕೊಬ್ಬಿನ ಪರೀಕ್ಷೆಯ ಗುಲಾಬಿ ಬಣ್ಣವನ್ನು 532 ನ್ಯಾನೊಮೀಟರ್ ಬೆಳಕಿನಲ್ಲಿ ಓದುವಾಗ ಅಂಗಾಂಶದಲ್ಲಿ ಉಳಿದ ಕಣಗಳೂ ಬೆಳಕನ್ನು ಚದುರಿಸಿ ಅಂಕಿ ಏರಿಸುತ್ತವೆ. ಸೆಂಟ್ರಿಫ್ಯೂಜ್ ಮಾಡಿ, ಕಣ ಬೆರೆಸಿದ ಖಾಲಿ ಮಾದರಿ ಇಟ್ಟು ಕಳೆಯಿರಿ. ಕಿವಿರಿನ ತುಂಡನ್ನು ಮೀನು ಸತ್ತ ಕೆಲವೇ ನಿಮಿಷದಲ್ಲಿ ಅಂಗಾಂಶ ಕೆಡದಂತೆ ಇಡುವ ಬೌಯಿನ್ ದ್ರಾವಣಕ್ಕೆ ಹಾಕಿ. ತಡವಾದರೆ ತಾನಾಗಿ ಪದರದ ಹೊದಿಕೆ ಕಳಚಿ, ಕಣದ ಪರಿಣಾಮದಂತೆಯೇ ಕಾಣುತ್ತದೆ. ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೀನಿಗೂ ಬೇಕು, ಮರಿ ತರುವ ಮೊದಲೇ ಪಡೆಯಿರಿ.

ಪ್ರಶ್ನೆ: ಗಾತ್ರ ಸಣ್ಣದಾದಷ್ಟೂ ವಿಷ ಹೆಚ್ಚು ಎಂದು ಮಕ್ಕಳಿಗೆ ಹೇಳಬಹುದೇ?
— ವಿಜ್ಞಾನ ಶಿಕ್ಷಕ, ಸಿಂದಗಿ

ಉತ್ತರ: ಹಾಗೆ ಹೇಳಬೇಡಿ. ವಿಷವನ್ನು ಗಾತ್ರವೊಂದೇ ತೀರ್ಮಾನಿಸುವುದಿಲ್ಲ. 2004ರಲ್ಲಿ ಅಮೆರಿಕದ ಇವಾ ಓಬರ್‌ಡಾರ್ಸ್ಟರ್ ಅವರು ಇಂಗಾಲದ ಫುಲ್ಲರೀನ್ ಕಣಗಳು ಲಾರ್ಜ್‌ಮೌತ್ ಬಾಸ್ ಮೀನಿನ ಮಿದುಳಿನ ಕೊಬ್ಬನ್ನು ಕೆಡಿಸುತ್ತವೆಂದು ತೋರಿಸಿದಾಗ ದೊಡ್ಡ ಸುದ್ದಿಯಾಯಿತು. ಆಮೇಲೆ ಜೀಬ್ರಾಮೀನಿನ ಮೇಲಿನ ಅಧ್ಯಯನದಲ್ಲಿ, ಇದೇ ರೀತಿ ತಯಾರಿಸಿದ ದ್ರಾವಣದ ವಿಷಕ್ಕೆ ಬಹುಮಟ್ಟಿಗೆ ಕಾರಣ ಫುಲ್ಲರೀನ್ ಕರಗಿಸಲು ಬಳಸಿದ ಟೆಟ್ರಾಹೈಡ್ರೊಫ್ಯೂರಾನ್ ಒಡೆದು ಹುಟ್ಟಿದ ಪದಾರ್ಥ ಎಂದು ಕಂಡುಬಂತು. ಕಂಟ್ರೋಲ್ ಏಕೆ ಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಹಾಗೆಂದು ಕಣಗಳು ನಿರುಪದ್ರವಿ ಅಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2012ರಲ್ಲಿ ಸುಮಾರು 24 ನ್ಯಾನೊಮೀಟರ್ ಪ್ಲಾಸ್ಟಿಕ್ ಕಣಗಳನ್ನು ಪಾಚಿಗೆ, ಪಾಚಿಯನ್ನು ನೀರು ಚಿಗಟಕ್ಕೆ, ಚಿಗಟವನ್ನು ಗೆಂಡೆ ಜಾತಿಯ ಮೀನಿಗೆ ತಿನ್ನಿಸಿದರು. ಮೀನು ಮೇವು ಮುಗಿಸಲು ಎರಡು ಪಟ್ಟಿಗಿಂತ ಹೆಚ್ಚು ಸಮಯ ತೆಗೆದುಕೊಂಡಿತು, ಕೊಬ್ಬಿನ ಬಳಕೆಯೂ ಬದಲಾಯಿತು. ಕೆನಡಾದ ಒಂಟಾರಿಯೊದಲ್ಲಿ 2014 ಮತ್ತು 2015ರ ಬೇಸಿಗೆಯಲ್ಲಿ ಸಂಶೋಧನೆಗೆಂದೇ ಮೀಸಲಾದ ಒಂದು ಕೆರೆಗೆ ನ್ಯಾನೊ ಬೆಳ್ಳಿ ಸೇರಿಸಿ ನೋಡಿದಾಗ ಪರ್ಚ್ ಮೀನು ತಿನ್ನುವುದೂ, ಅದರ ಸಂಖ್ಯೆಯೂ ಇಳಿದವು. ಬೇಟೆ ಮೀನಿನ ಯಕೃತ್ತಿನಲ್ಲಿ ಬೆಳ್ಳಿ ನಿಂತಿತು. ಸತ್ತು ತೇಲುವ ಮೀನನ್ನು ಎಣಿಸಿದರೆ ಇವು ಯಾವುವೂ ಕಾಣುವುದಿಲ್ಲ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ಮೀನು ತಿನ್ನಬಹುದೇ? ಮಾರುವವರು ಪೂರ್ತಿ ಮೀನು ಕೊಡುತ್ತಾರೆ.
— ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ತಿನ್ನಬಹುದು. ಲೋಹದ ಕಣಗಳು ಹೆಚ್ಚಾಗಿ ಕಿವಿರು, ಕರುಳು, ಯಕೃತ್ತಿನಲ್ಲಿ ಸೇರುತ್ತವೆ, ಮಾಂಸದಲ್ಲಿ ಬಹಳ ಕಡಿಮೆ. ತಲೆಯ ಸಾರು ಮಾಡುವವರು ಕಿವಿರನ್ನು ಬುಡದಿಂದ ಕಿತ್ತು ತೆಗೆಯಿರಿ. ಹೊಟ್ಟೆ ಸೀಳಿ ಕರುಳು, ಯಕೃತ್ತು ಎಸೆದು, ಒಳಗಿನ ಕಪ್ಪು ಪೊರೆಯನ್ನು ಉಜ್ಜಿ ತೊಳೆಯಿರಿ. ಕುದಿಸಿದರೆ ಲೋಹ ನಾಶವಾಗುವುದಿಲ್ಲ. ಕರುಳು ಸಮೇತ ಒಣಗಿಸಿದ ಸಣ್ಣ ಮೀನನ್ನು ಮಾತ್ರ ವಾರವಿಡೀ ತಿನ್ನುವ ರೂಢಿ ಬೇಡ.

ಪ್ರಶ್ನೆ: ಹಿನ್ನೀರಿನಲ್ಲಿ ಮತ್ತೆ ಮೀನು ಸತ್ತರೆ ನಾವು ಏನು ಹಿಡಿದಿಡಬೇಕು? ಕಚೇರಿಯವರು ಬರುವಷ್ಟರಲ್ಲಿ ಎಲ್ಲ ಕೊಳೆತಿರುತ್ತದೆ.
— ಮೀನುಗಾರರ ಸಂಘದ ಸದಸ್ಯ, ಬೀಳಗಿ

ಉತ್ತರ: ಸತ್ತ ಮೀನಿಗಿಂತ ಸಾಯುತ್ತಿರುವ ಮೀನು ಬೆಲೆಯುಳ್ಳದ್ದು. ಅಂಥ ಎರಡು ಮೂರು ಮೀನಿನ ಕಿವಿರಿನ ಒಂದು ಕಮಾನನ್ನು ಕತ್ತರಿಸಿ, ಒಂದು ಪಾಲು ಫಾರ್ಮಾಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ಬಾಟಲಿಗೆ ಹಾಕಿ. ಉಳಿದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯಲ್ಲಿಡಿ. ನೀರನ್ನು ದಂಡೆಯಲ್ಲಿ ತೆಗೆಯದೆ ದೋಣಿಯಿಂದ, ಮೊಣಕೈ ಮುಳುಗುವಷ್ಟು ಆಳದಲ್ಲಿ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ತುಂಬಿಸಿ. ಸಾವು ಇಲ್ಲದ ಮೇಲಿನ ಭಾಗದ ನೀರೂ ಒಂದು ಬಾಟಲಿ ಬೇಕು, ಅದಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ತಳದ ಹೂಳು ಒಂದು ಹಿಡಿ. ಆಮ್ಲಜನಕವನ್ನು ಅಲ್ಲಿಯೇ ಅಳೆಯಬೇಕು. ಬಾಟಲಿಯಲ್ಲಿ ಅದು ಉಳಿಯದು.

ಪ್ರಯೋಗಾಲಯಕ್ಕೆ ಕೊಡುವಾಗ ಒಂದು ಮಾತು ಹೇಳಿ. ಲೋಹ ಪರೀಕ್ಷೆಗೆ ನೈಟ್ರಿಕ್ ಆಮ್ಲ ಹಾಕಿದ ಕ್ಷಣ ಲೋಹದ ನ್ಯಾನೊ ಕಣಗಳೂ ಬಹುಪಾಲು ಕರಗುತ್ತವೆ, ಫಲಿತಾಂಶದಲ್ಲಿ ಬರುವುದು ಒಟ್ಟು ಲೋಹ ಮಾತ್ರ. ಕಣ ಇತ್ತೇ ಎಂದು ತಿಳಿಯಬೇಕಾದರೆ ಆಮ್ಲ ಹಾಕದ ಎರಡನೇ ಬಾಟಲಿ ಬೇಕು, ಅದನ್ನು ಕಣವನ್ನು ಒಂದೊಂದಾಗಿ ಎಣಿಸುವ ಐಸಿಪಿ-ಎಂಎಸ್ ಯಂತ್ರವಿರುವ ಕಡೆಗೆ ಕಳಿಸಬೇಕು. ಬಾಟಲಿ, ಚೀಲ ಎಲ್ಲದರ ಮೇಲೂ ಜಾಗ, ತಾರೀಖು, ಗಂಟೆ ಬರೆದು, ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಎರಡಕ್ಕೂ ಅದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.